ಹದಿನೇಳನೆಯ ಸೊಳ್ಳೆ

ಹೆಣ್ಣು ನೋಡಲು ಭದ್ರಾವತಿಗೆ ಹೋದ ದಿನ ಕಾರ್ಖಾನೆ ಕ್ವಾರ್ಟರ್ಸಿನ ನಡುಮನೆಯಲ್ಲಿ ಇದ್ದವರು ಐದು ಜನ: ನಾನು, ನನ್ನಮ್ಮ, ಹುಡುಗಿ, ಅವಳ ಅಪ್ಪ, ಅಮ್ಮ. ಹುಡುಗ ಏನು ಮಾಡುತ್ತಾನೆ ಎಂದು ಹೇಳುವುದು ನನಗೆ ಯಾವತ್ತೂ ಕಷ್ಟದ ಕೆಲಸ. ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಎಂದಾಗ ಜನ ಗೌರವದಿಂದ ನೆಟ್ಟಗೆ ಕೂರುತ್ತಾರೆ. ಯಾವುದರ ಮೇಲೆ ಎಂದು ತಿಳಿದ ಮೇಲೆ ಮತ್ತೆ ಒರಗಿಕೊಳ್ಳುತ್ತಾರೆ. "ಸೊಳ್ಳೆ ತರಹದ್ದೇ ಹುಳ, ಆದ್ರೆ ಕಚ್ಚಲ್ಲ. ಕಾಡಿನ ತೊರೆ ಹತ್ರ ಹಿಡಿದು ಯಾವ್ಯಾವ ಜಾತಿ ಅಂತ ಗುರುತಿಸೋದು" ಎಂದೆ. ಅಮ್ಮ ನೆಲ ನೋಡಿದರು. ಹುಡುಗಿಯ ತಾಯಿ ಗಂಡನ ಕಡೆ ತಿರುಗಿ, "ಕಚ್ಚೋ ಸೊಳ್ಳೇನೇ ಕೇಳೋರಿಲ್ಲ, ಕಚ್ಚದ್ದಕ್ಕೆ ಯಾರ್ರೀ ಸಂಬಳ ಕೊಡ್ತಾರೆ?" ಎಂದರು. ಹುಡುಗಿಯ ಅಪ್ಪ ಮಾತ್ರ ಮುಂದೆ ಬಾಗಿ, "ಹೇಗೆ ಗುರುತಿಸ್ತೀರಿ?" ಎಂದು ಕೇಳಿದರು. ಆ ಒಂದು ಪ್ರಶ್ನೆಗೆ ಸೋತು ಮದುವೆಯಾದೆ.

ಮಾವ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಲೇತ್ ಮುಂದೆ ನಿಂತವರು. ನಿವೃತ್ತರಾದ ಮೇಲೆ ಕೈ ಸುಮ್ಮನಿರದೆ ಭಾನುವಾರ ಭಾನುವಾರ ವಿನೋಬನಗರದ ನಮ್ಮ ಮನೆಗೆ ಬರುತ್ತಿದ್ದರು. ಮಗಳನ್ನು ನೋಡಲು ಎಂದು ಹೆಸರು. ಕೂರುತ್ತಿದ್ದದ್ದು ನಾನು ಎರವಲು ತಂದಿದ್ದ ಸೂಕ್ಷ್ಮದರ್ಶಕದ ಮುಂದೆ. ಈ ಹುಳಗಳ ಜಾತಿ ತಿಳಿಯುವುದು ಗಂಡಿನ ಬಾಲದ ತುದಿಯಲ್ಲಿರುವ ಚಿಮಟದಂಥ ಅಂಗದಿಂದ. ಅದನ್ನು ಸೂಜಿಯಿಂದ ಬಿಡಿಸಿ ಗಾಜಿನ ಮೇಲೆ ಮಲಗಿಸಬೇಕು. ನನ್ನ ಕೈ ನಡುಗುವ ಚೆಂದಕ್ಕೆ ಎಷ್ಟೋ ಹುಳಗಳು ಎರಡೆರಡು ಸಲ ಸತ್ತವು. ಮಾವ ಉಸಿರು ಬಿಗಿಹಿಡಿದು ಒಂದೇ ಸಲಕ್ಕೆ ಮಲಗಿಸುತ್ತಿದ್ದರು. ಆ ಅಂಗಕ್ಕೆ ಅವರಿಟ್ಟ ಹೆಸರು ಇಕ್ಕಳ. "ಇದು ಏನ್ ತಿನ್ನತ್ತೆ?" ಎಂದು ಒಮ್ಮೆ ಕೇಳಿದರು. "ರೆಕ್ಕೆ ಬಂದ್ಮೇಲೆ ಏನೂ ತಿನ್ನಲ್ಲ ಮಾವ. ನಾಲ್ಕು ದಿನ ಹಾರಾಡಿ ಹೋಗ್ಬಿಡತ್ತೆ" ಎಂದೆ.

ಹೀಗೆ ಹದಿನಾರು ಜಾತಿ ಗುರುತಾದವು. ಹದಿನೇಳನೆಯದು ಸಿಕ್ಕಿದ್ದು ಒಂದೇ ಒಂದು. "ಅಳಿಯಂದಿರೇ, ಇದರ ಇಕ್ಕಳ ಬೇರೆ ಸೈಜು. ನಿಮ್ಮ ಪುಸ್ತಕದಲ್ಲಿಲ್ಲ. ನಾವೇ ಮೊದಲು ನೋಡಿದ್ದೋ ಏನೋ!" ಎಂದರು. ದೂರದ ತಜ್ಞರೊಬ್ಬರಿಗೆ ಕಳಿಸಿ ಉತ್ತರಕ್ಕೆ ಕಾದೆವು.

ಕಾಯುತ್ತಿರುವಾಗಲೇ ಮಾವನ ಗಂಟಲಲ್ಲಿ ಗಡ್ಡೆಯಾಯಿತು. ಅನ್ನ ಇಳಿಯದಾಯಿತು. ಆಸ್ಪತ್ರೆಯಲ್ಲಿ ಅತ್ತೆ ಗಂಜಿ ಲೋಟ ಹಿಡಿದು ಬೇಡಿಕೊಂಡರೆ, "ನಂಗೂ ರೆಕ್ಕೆ ಬಂತು ಕಣೇ" ಎಂದು ನಕ್ಕರು. ಅತ್ತೆಗೆ ಅರ್ಥವಾಗಲಿಲ್ಲ, ನನಗಾಯಿತು. ಆಮೇಲೆ ನನ್ನ ಕಡೆ ತಿರುಗಿ, "ಹದಿನೇಳನೇದು?" ಎಂದರು. ಉತ್ತರ ಬಂದಿರಲಿಲ್ಲ. "ಹೊಸದೇ ಅಂತೆ ಮಾವ. ನಿಮ್ಮ ಹೆಸರೇ ಇಡ್ತಾ ಇದೀವಿ" ಎಂದುಬಿಟ್ಟೆ. ಮಾರನೆಯ ದಿನದಿಂದ ಸೂಜಿ ಚುಚ್ಚಲು ಬಂದ ನರ್ಸಿಗೂ, "ನನ್ನ ಹೆಸರಿನ ಸೊಳ್ಳೆ ಇದೆ ಸಿಸ್ಟರ್. ಅದು ನಿಮ್ಮ ಹಾಗಲ್ಲ, ಕಚ್ಚಲ್ಲ" ಎನ್ನುತ್ತಿದ್ದರು. ಆ ವಾರವೇ ಹೋದರು.

ತಿಂಗಳಾದ ಮೇಲೆ ಉತ್ತರ ಬಂತು. ಹೊಸದೇನಲ್ಲ, ಯಾರೋ ಎಂದೋ ಹೆಸರಿಟ್ಟು ಮುಗಿಸಿದ್ದ ಜಾತಿ. ಪತ್ರವನ್ನು ಸ್ಲೈಡಿನ ಪೆಟ್ಟಿಗೆಯ ತಳಕ್ಕೆ ಸೇರಿಸಿದೆ. ಮನೆಯಲ್ಲಿ ಯಾರಿಗೂ ತೋರಿಸಲಿಲ್ಲ.

ವರ್ಷದ ತಿಥಿಯ ದಿನ ಊಟಕ್ಕೆ ಕೂತಿದ್ದೆವು. ಎಲೆಗಳ ಮೇಲೆ ಏನೋ ಹಾರಾಡುತ್ತಿತ್ತು. ಅತ್ತೆಯ ತಮ್ಮ ಹೊಡೆಯಲು ಕೈ ಎತ್ತಿದರು. "ಹೊಡೀಬೇಡ್ವೋ, ಅದು ನಿಮ್ಮ ಭಾವಂದು" ಎಂದರು ಅತ್ತೆ. ಎಲ್ಲರೂ ನನ್ನ ಮುಖ ನೋಡಿದರು, ಗುರುತಿಸುವವನು ನಾನಲ್ಲವೇ? ಅದು ಬಂದು ನನ್ನ ಮುಂಗೈ ಮೇಲೇ ಕೂತಿತು. ಕಾಲಿಗೆ ಬಿಳಿ ಪಟ್ಟೆ. ಕಚ್ಚುವ ಜಾತಿ.

"ಹೌದು ಅತ್ತೆ, ಅದೇ" ಎಂದೆ. ಅದು ಹೊಟ್ಟೆತುಂಬ ಕುಡಿದು ಎದ್ದುಹೋಗುವವರೆಗೆ ನನ್ನ ಕೈ ಒಂದಿಷ್ಟೂ ನಡುಗಲಿಲ್ಲ.