ಸದ್ದು ಮಾಡದ ಕಾರಿನಲ್ಲಿ ಮಳವಳ್ಳಿ ಮದುವೆಗೆ

ವಾಹನ ಸ್ಟಾರ್ಟ್ ಮಾಡುವ ವಿದ್ಯೆಯನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂದು ನಾನು ಬಲವಾಗಿ ನಂಬಿದ್ದೆ. ನಾನು ಜೀಪಿನ ಮನೆಯಲ್ಲಿ ಬೆಳೆದವನು! ಹೊಳಲಿನಲ್ಲಿ ನಮ್ಮಪ್ಪನ ಹಳೇ ಜೀಪಿತ್ತು. ಚಳಿಗಾಲದ ಬೆಳಿಗ್ಗೆ ಅದಕ್ಕೆ ಬಿಸಿನೀರು ಹುಯ್ಯಬೇಕು, ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸಬೇಕು, ಅದಕ್ಕೂ ಜಗ್ಗದಿದ್ದರೆ ನಾಲೆ ಏರಿಯ ಇಳಿಜಾರಿಗೆ ತಳ್ಳಬೇಕು. ಕೊನೆಗೊಮ್ಮೆ ಅದು ಗುರ್ರೆಂದು ಎದ್ದಾಗ ಬೀದಿ ನಾಯಿಗಳೆಲ್ಲ ಬೊಗಳುತ್ತಿದ್ದವು, ಅಪ್ಪನ ಮುಖ ಅರಳುತ್ತಿತ್ತು. "ಸದ್ದು ಬಂದ್ಮೇಲೇ ಗೇರು ಆಕ್ಬೇಕು ಕಣ್ಲಾ" ಎನ್ನುತ್ತಿದ್ದರು. ಅವರು ಕಲಿಸಿದ ವಾಹನಶಾಸ್ತ್ರ ಅಷ್ಟೇ. ಇಷ್ಟು ವರ್ಷ ಅದೇ ನನ್ನನ್ನು ಕಾಪಾಡಿತ್ತು.

ಹೀಗಿರುವಾಗ ನಾನು ಹೈಬ್ರಿಡ್ ಕಾರು ಕೊಂಡೆ. ಅದರಲ್ಲಿ ಪೆಟ್ರೋಲ್ ಇಂಜಿನ್ನೂ ಇದೆ, ಬ್ಯಾಟರಿ ಮೋಟಾರೂ ಇದೆ. ಯಾವಾಗ ಯಾವುದು ದುಡಿಯಬೇಕೆಂದು ಕಾರೇ ತೀರ್ಮಾನ ಮಾಡುತ್ತದೆ. ಬ್ಯಾಟರಿ ಕರಗಿದರೆ ಇಂಜಿನ್ ತಾನೇ ಎದ್ದು ಅದನ್ನು ತುಂಬಿಸುತ್ತದೆ. ಷೋರೂಮಿನವರು ಕಾರನ್ನು ಹೊಳಲಿನ ನಮ್ಮ ಮನೆ ಮುಂದೆ ತಂದು ನಿಲ್ಲಿಸಿ ಇದನ್ನೆಲ್ಲ ವಿವರಿಸಿದರಂತೆ. ಆಗ ನಾನು ಚಕ್ರಗಳ ಕೆಳಗೆ ನಿಂಬೆಹಣ್ಣು ಇಡುವ ಘನಕಾರ್ಯದಲ್ಲಿ ಮುಳುಗಿದ್ದೆ.

ಮಾರನೆಯ ದಿನವೇ ಮಳವಳ್ಳಿಯಲ್ಲಿ ಮದುವೆ. ಮದುಮಗಳು ನಮ್ಮ ಚನ್ನಮ್ಮತ್ತೆಯ ಮೊಮ್ಮಗಳು. ಚನ್ನಮ್ಮತ್ತೆ ಎಂದರೆ ನಮ್ಮಪ್ಪನ ಅಕ್ಕ, ಈಗ ತವರಿಗೇ ಬಂದು ಪಕ್ಕದ ಮನೆಯಲ್ಲಿ ಇರುವವರು. "ಅಜ್ಜಿ ಬರದೆ ನಾನು ತಾಳಿ ಕಟ್ಟಿಸ್ಕೊಳ್ಳಲ್ಲ" ಎಂದು ಹುಡುಗಿ ಹಠ ಹಿಡಿದಿದ್ದಳು. ಅಜ್ಜಿಯನ್ನು ಮುಹೂರ್ತದೊಳಗೆ ತಲುಪಿಸುವ ಜವಾಬ್ದಾರಿ ನನ್ನದು. "ಹೊಸಾ ಕಾರಿದೆ, ಚಿಂತೆ ಬಿಡಿ!" ಎಂದಿದ್ದೆ.

ಬೆಳಿಗ್ಗೆ ಅತ್ತೆಯನ್ನು ಹಿಂದೆ ಕೂರಿಸಿದೆ. ನನ್ನ ಹೆಂಡತಿ ಸುಮಿತ್ರಾ ಮುಂದೆ ಕೂತಳು. ಬ್ರೇಕ್ ತುಳಿದು ಬಟನ್ ಒತ್ತಿದೆ. ದೀಪಗಳು ಹತ್ತಿದವು. ಸದ್ದಿಲ್ಲ. ಮತ್ತೆ ಒತ್ತಿದೆ. ದೀಪಗಳು ಆರಿದವು. ಮತ್ತೆ ಒತ್ತಿದೆ. ಹತ್ತಿದವು. ಒತ್ತಿ ಒತ್ತಿ ನನ್ನ ಹೆಬ್ಬೆರಳು ಕೆಂಪಾಯಿತೇ ವಿನಾ ಇಂಜಿನ್ ಕೆಮ್ಮಲೂ ಇಲ್ಲ!

"ನಿಮ್ಮಪ್ಪನ್ ಜೀಪು ಊರ್ನೆಲ್ಲ ಎಬ್ಬಿಸ್ತಿತ್ತು. ಇದ್ಯಾಕ್ಲಾ ಉಸ್ರೇ ಬುಡ್ತಿಲ್ಲ?" ಅತ್ತೆ ಕೇಳಿದರು.

"ರೆಡಿ ಅಂತ ತೋರಿಸ್ತಿದೆ ಕಣ್ರೀ" ಎಂದಳು ಸುಮಿತ್ರಾ.

"ರೆಡಿ ಅಂದ್ರೆ ಏನು? ತಳ್ಳೋಕೆ ರೆಡಿ ಅಂತ!" ಎಂದು ನಾನು ಇಳಿದು ಕೂಗು ಹಾಕಿದೆ. ಎದುರು ಮನೆ ನಿಂಗೇಗೌಡ ಪಂಚೆ ಎತ್ತಿ ಕಟ್ಟಿ, ಇನ್ನೂ ಇಬ್ಬರನ್ನು ಕರೆದುಕೊಂಡು ಬಂದ. "ಒಸಾ ಕಾರ್ನೂ ತಳ್ಬೇಕೇನ್ಲಾ?" ಎನ್ನುತ್ತಲೇ ಹೆಗಲು ಕೊಟ್ಟ.

ನಾನು ಮತ್ತೆ ಹತ್ತಿ ಕೂತು, ಗೇರನ್ನು ಡಿಗೆ ಎಳೆದು ಬ್ರೇಕಿನಿಂದ ಕಾಲು ತೆಗೆದೆ. ಕಾರು ಬೆಣ್ಣೆಯ ಹಾಗೆ ಜಾರಿತು. ನಮ್ಮೂರಿನವರ ತೋಳಿನ ಬಲಕ್ಕೆ ನನ್ನ ಕಣ್ಣು ತುಂಬಿ ಬಂತು. "ತಳ್ರಪ್ಪೋ, ಬಿಡಬೇಡಿ!" ಎಂದು ಹುರಿದುಂಬಿಸಿದೆ. ಬೀದಿ ದಾಟಿತು, ಅಂಗಡಿ ದಾಟಿತು.

ಸುಮಿತ್ರಾ ಹಿಂದಿರುಗಿ ನೋಡಿ ಮೆಲ್ಲಗೆ ಹೇಳಿದಳು. "ರೀ, ನಿಂಗೇಗೌಡ್ರು ಅಲ್ಲೇ ಮನೆ ಮುಂದೆ ಬೋರಲು ಬಿದ್ದಿದ್ದಾರೆ. ಹಿಂದೆ ಯಾರೂ ಇಲ್ಲ."

"ಮತ್ತೆ ತಳ್ತಿರೋದು ಯಾರು?"

ಅತ್ತೆ ಎರಡೂ ಕೈ ಜೋಡಿಸಿದರು. "ಮುತ್ತತ್ತಿರಾಯ ಕಣ್ಲಾ! ಇನ್ಯಾರು? ಆಂಜನೇಯಪ್ಪಾ, ಮಳವಳ್ಳಿಗಂಟ ತಳ್ಳಪ್ಪಾ, ಅರ್ಕೆ ತೀರುಸ್ತೀನಿ!"

ಹೆದ್ದಾರಿ ಹತ್ತಿದಾಗ ಇಂಜಿನ್ ತಾನಾಗಿ ಗುಂಯ್ ಎಂದಿತು. ನನಗೆ ಹೋದ ಜೀವ ಬಂತು. ಮದ್ದೂರಿನಲ್ಲಿ ಎತ್ತಿನ ಗಾಡಿಯ ಹಿಂದೆ ನಿಧಾನ ಮಾಡಿದರೆ ಮತ್ತೆ ನಿಶ್ಶಬ್ದ! ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ, ತಳ್ಳಿಕೊಡಿ ಎಂದು ಹಿಂದಿನ ವ್ಯಾನಿನವನಿಗೆ ಕೈ ಮುಗಿದೆ. ಅವನು ಹಾರನ್ನಿನಲ್ಲೇ ಉತ್ತರ ಕೊಟ್ಟ.

"ಸುಮ್ನೆ ಆಕ್ಸಿಲರೇಟರ್ ತುಳೀರಿ. ಅದು ಹೋಗುತ್ತೆ" ಎಂದಳು ಸುಮಿತ್ರಾ. ಹೋಯಿತು!

ಮುಹೂರ್ತಕ್ಕೆ ಮೊದಲೇ ಛತ್ರ ಮುಟ್ಟಿದೆವು. ಶಾಮಿಯಾನದ ಪಕ್ಕ ನಿಲ್ಲಿಸಿದೆ. ಸದ್ದಿರಲಿಲ್ಲ, ಆದ್ದರಿಂದ ಆಫ್ ಆಗಿದೆ ಎಂದು ತಿಳಿದು ಇಳಿದೆ. ಕಾರು ಕೀಂ ಕೀಂ ಎಂದು ಏನೋ ಹೇಳಿತು. ಹೋಗಿ ಬನ್ನಿ ಅನ್ನುತ್ತಿದೆ ಎಂದುಕೊಂಡೆ. ಒಳಗೆ ಎಸಿ ತಣ್ಣಗೆ ಬೀಸುತ್ತಲೇ ಇತ್ತು, ಬ್ಯಾಟರಿ ಕರಗುತ್ತಲೇ ಇತ್ತು.

ಎಲ್ಲರ ಕೈಗೂ ಅಕ್ಷತೆ ಬಂದಿತ್ತು. ವರ ತಾಳಿ ಎತ್ತಿಕೊಂಡ. ಆಗ ಹೊರಗೆ ಗುರ್ರೆಂಬ ಸದ್ದು! ಕಾರಿಗೆ ಒರಗಿ ಎಲೆ ಅಡಿಕೆ ಹಾಕುತ್ತಿದ್ದ ಹಿರಿಯರೊಬ್ಬರು ಒಳಗೆ ಓಡಿಬಂದರು. "ಒಳ್ಗೆ ಯಾರೂ ಇಲ್ಲ ಕಣ್ರಪ್ಪೋ! ಕಾರು ತಾನೇ ಇಸ್ಟಾಟ್ ಆಯ್ತು!"

ಇಡೀ ಛತ್ರವೇ ಹೊರಗೆ ಓಡಿತು. ನಾನೂ ಓಡಿದೆ. ಎಲ್ಲರೂ ಕಾರಿನ ಸುತ್ತ ಬಾಯಿ ಬಿಟ್ಟು ನಿಂತಿದ್ದಾಗ ಒಳಗೆ ಗಟ್ಟಿಮೇಳ ಮೊಳಗಿತು. ಅಭ್ಯಾಸಬಲದಿಂದ ಎಲ್ಲರೂ ಕೈಯಲ್ಲಿದ್ದ ಅಕ್ಷತೆಯನ್ನು ಎಸೆದರು. ಎದುರಿಗಿದ್ದುದು ನನ್ನ ಕಾರು! ಒಳಗೆ ವಧೂವರರ ತಲೆಯ ಮೇಲೆ ಬಿದ್ದದ್ದು ಪುರೋಹಿತರ ಮತ್ತು ಅಜ್ಜಿಯ ಪಾಲಿನ ನಾಲ್ಕು ಕಾಳು ಮಾತ್ರ. ಊಟದ ಪಂಕ್ತಿಯಲ್ಲಿ ಯಾರೂ ನನ್ನ ಪಕ್ಕ ಕೂರಲಿಲ್ಲ.

ಹೊರಡುವಾಗ ಅತ್ತೆ ಕಾರಿನ ಹತ್ತಿರವೇ ಸುಳಿಯಲಿಲ್ಲ. "ನಾನು ಬಸ್ಸಲ್ಲಿ ಓಯ್ತೀನಿ ಬುಡು. ಅದು ಸದ್ದು ಮಾಡ್ಕೊಂಡು ಓಯ್ತದೆ, ನಂಬೌದು." ಸುಮಿತ್ರಾ ಕೈ ಚಾಚಿದಳು. ನಾನು ಬೀಗದ ಕೈ ಕೊಟ್ಟು, ಅತ್ತೆಯ ಜೊತೆ ಬಸ್ಸು ಹತ್ತಿದೆ.

ಬಸ್ಸಿನ ಇಂಜಿನ್ ಗಡಗಡ ನಡುಗುತ್ತಿತ್ತು. ಕಿಟಕಿ ಗಾಜು, ಸೀಟು, ನಮ್ಮ ಹಲ್ಲು ಎಲ್ಲವೂ ಜೊತೆಗೆ ನಡುಗುತ್ತಿದ್ದವು. "ನಿಮ್ಮಪ್ಪ ನನ್ನ ಜೀಪಲ್ಲಿ ಇಂಗೇ ಕೂರುಸ್ಕೊಂಡು ತವರಿಗೆ ಕರ್ಕೊಂಡು ಬರೋನು ಕಣ್ಲಾ" ಎಂದರು ಅತ್ತೆ. ಗದ್ದೆ ಬಯಲಿನ ಗಾಳಿ ಮುಖಕ್ಕೆ ಬಡಿಯುತ್ತಿತ್ತು. ಅಪ್ಪನ ಬೆವರು, ಪೆಟ್ರೋಲು, ಬೀಡಿ ಮೂರೂ ಬೆರೆತ ಆ ಜೀಪಿನ ವಾಸನೆ ಎಲ್ಲಿಂದಲೋ ಬಂದಂತಾಯಿತು.

ಮದ್ದೂರು ಇನ್ನೇನು ಬರಬೇಕು ಎನ್ನುವಾಗ ಬಿಳಿ ಕಾರೊಂದು ಸದ್ದೇ ಇಲ್ಲದೆ ನಮ್ಮ ಬಸ್ಸನ್ನು ಹಿಂದೆ ಹಾಕಿತು. ಓಡಿಸುತ್ತಿದ್ದವಳು ನಗುತ್ತಾ ಕೈ ಬೀಸಿದಳು.

"ಯಾರ್ಲಾ ಅವ್ಳು? ಎಷ್ಟು ಚೆಂದಾಗಿ ಓಡುಸ್ತಾವ್ಳೆ!"

"ಸುಮಿತ್ರಾ ಕಣತ್ತೆ."

"ಕಾರು ಯಾರ್ದು?"

ನಾನು ಸ್ವಲ್ಪ ಯೋಚಿಸಿ ಹೇಳಿದೆ. "ಅದೂ ಇನ್ಮೇಲೆ ಅವಳ್ದೇ."