ಹೊಳೆಯಪ್ಪ ಓದಿದ ಸೀರೆ

ಹೊಳೆಯಪ್ಪ ಅಂದು ವಾಚನಾಲಯದಿಂದ ಒಂದೇ ಪುಸ್ತಕ ತಂದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಮೂರು ತಂದ. ಮಣ್ಣಿನ ಸವಕಳಿಯ ಮೇಲೊಂದು, ಕೊಲೆಯ ಕಾದಂಬರಿಯೊಂದು, ಮನೆಮಂದಿಗೆಲ್ಲ ಆರೋಗ್ಯ ಹೇಳುವಂಥದೊಂದು. ಬೆಳ್ಳಟ್ಟಿಯಿಂದ ಗದಗಿಗೆ ಮ್ಯಾಟ್ರಿಕ್ ಓದಲು ಬಂದಿದ್ದ ಈ ಹುಡುಗನಿಗೆ ಓದಿನಲ್ಲಿ ಜಾತಿಭೇದವಿರಲಿಲ್ಲ. ಬರೀ ಕಾದಂಬರಿ ಓದುವವನು ಮೂರು ಹೊತ್ತೂ ಉಂಡಿ ತಿನ್ನುವವನು, ಬರೀ ಶಾಸ್ತ್ರ ಓದುವವನು ಪಲ್ಯವಿಲ್ಲದೆ ಒಣರೊಟ್ಟಿ ಕಡಿಯುವವನು ಎಂದು ಅವನ ಲೆಕ್ಕ. ಎರಡನ್ನೂ ಓದದವರು ಸಭೆಗಳಲ್ಲಿ ಭಾಷಣ ಮಾಡುತ್ತಾರೆಂಬುದನ್ನು ಆಗಾಗ ಕಣ್ಣಾರೆ ಕಂಡಿದ್ದ.

ಅವನ ಹೊಟ್ಟೆ ತುಂಬುತ್ತಿದ್ದುದೂ ಓದಿನಿಂದಲೇ. ಬೆಟಗೇರಿಯ ದೇವೇಂದ್ರಪ್ಪನ ಮಗ್ಗದ ಮನೆಯಲ್ಲಿ, ಶಾಲೆಯಿಲ್ಲದ ಹೊತ್ತಿನಲ್ಲಿ, ನೇಕಾರರಿಗೆ ಗಟ್ಟಿಯಾಗಿ ಪುಸ್ತಕ ಓದಿ ಹೇಳಬೇಕು. ಅದಕ್ಕೆ ಎರಡು ಹೊತ್ತು ಊಟ, ನೂಲಿನ ಗಂಟುಗಳ ನಡುವೆ ಮಲಗಲು ಒಂದು ಮೂಲೆ.

ಕನ್ನಡ ನಾಡು ಒಂದಾಗುವ ದಿನ ಹತ್ತಿರ ಬಂದಿತ್ತು. ಆ ದಿನದ ಸಭೆಯಲ್ಲಿ ಅಧ್ಯಕ್ಷರ ಹೆಂಡತಿ ಉಡಬೇಕಾದ ಸೀರೆ ಅಲ್ಲಿಯ ನೇಕಾರ ಹೇಮಪ್ಪನ ಮಗ್ಗದ ಮೇಲೆ ಅರ್ಧ ಮುಗಿದು ಕೂತಿತ್ತು. ಲಕ್ಷ್ಮೇಶ್ವರದ ಅರಿವೆ ವ್ಯಾಪಾರಿ ಮುರ್ತುಜಾಸಾಬ ಸಂಜೆ ಅದನ್ನು ಒಯ್ಯುವವನಿದ್ದ.

"ಲೇ ಹೊಳೆಪ್ಪಾ," ಎಂದ ದೇವೇಂದ್ರಪ್ಪ ಚಪ್ಪಲಿ ಮೆಟ್ಟುತ್ತ, "ನಾ ಸಭಾದ ಹಂದರ ನೋಡಾಕ ಹೊಂಟೀನಿ. ಹೇಮ್ಯಾನ ಕೈ ಒಂದ ಸವನ ನಡೀಬೇಕು. ಅಂವ ಕಿವ್ಯಾಗ ಕೇಳಿದ್ದು ನೆಟ್ಟಗ ಕೈಗೆ ಇಳೀತೈತಿ. ಸೀರಿ ಕೆಟ್ಟಿತಂದ್ರ ನಿನ್ನ ಟ್ರಂಕ್ ಓಣ್ಯಾಗ, ನೀ ಬೆಳ್ಳಟ್ಟ್ಯಾಗ. ಮ್ಯಾಟ್ರಿಕ್ ಅಲ್ಲೇ ದನಾ ಕಾಯ್ಕೋತ ಮಾಡು."

"ಕೆಡಂಗಿಲ್ರಿ ಮಾಲಕರ. ಮಣ್ಣಿನ ಪುಸ್ತಕ ಓದ್ತೀನಿ. ಅದರಾಗ ಯಾರೂ ಅಳಂಗಿಲ್ಲ, ನಗಂಗಿಲ್ಲ."

ಯಾರೂ ಅಳಲಿಲ್ಲ, ನಗಲಿಲ್ಲ. ತೂಕಡಿಸಿದರು. ಇಳಿಜಾರಿನ ಹೊಲಕ್ಕೆ ಒಡ್ಡು ಹಾಕುವ ವಿಧಾನ ಬರುವಷ್ಟರಲ್ಲಿ ಹೇಮಪ್ಪನ ಲಾಳಿ ಮುದಿ ಎತ್ತಿನ ಹಾಗೆ ನಿಂತು ನಿಂತು ನಡೆಯತೊಡಗಿತು. ಎಳೆ ಬಿಗಿ ಮಾಡಬೇಕಾದ ಫಣಿ ಬಡಿಯುವ ಬದಲು ಬಟ್ಟೆಯ ಮೈ ಸವರುತ್ತಿತ್ತು.

ಮೂಲೆಯಲ್ಲಿ ಕಂಡಿಕೆಗೆ ನೂಲು ಸುತ್ತುತ್ತಿದ್ದ ಮುದುಕಿ ಉಡಚವ್ವ ಕಿರುಚಿದಳು. "ಎಪ್ಪಾ ಹೊಳೆಪ್ಪ, ನೋಡಲ್ಲಿ! ಅರಿವಿ ಜಾಳಜಾಳ ಆಗೈತಿ. ಇದನ್ನ ಉಟ್ಟು ನಿಂತ್ರ ಮಂದಿ ಭಾಷಣ ಕೇಳೂದಿಲ್ಲ, ಆಕಿ ಒಳಗಿನ ಪರಕಾರ ನೋಡ್ತಾರ. ಕೊಲಿ ಓದೋ, ಕೊಲಿ!"

ಹೊಳೆಯಪ್ಪ ಕೊಲೆಗೆ ಕೈಹಾಕಿದ. ಜಹಗೀರದಾರನನ್ನು ಯಾರೋ ಮುಗಿಸಿದ್ದರು. ದಿವಾನ ವಿಧವೆಗೆ ಸಮಾಧಾನ ಹೇಳಲು ಬಂದ. ಹೇಮಪ್ಪನ ನಿದ್ದೆ ಹಾರಿತು.

"ಇಂವನ! ಈ ಹಲ್ಕಟ್ನ ಕೊಂದಾನ!" ಢಪ್ಪೆಂದು ಫಣಿ ಬಿತ್ತು. "ಸಮಾಧಾನ ಹೇಳಾಕ ಬಂದಾನಂತ!" ಮತ್ತೊಮ್ಮೆ ಢಪ್!

"ಹೇಮಣ್ಣ, ಸಾವಕಾಶ. ಅಂವ ಇನ್ನೂ ತಪ್ಪು ಒಪ್ಪಿಲ್ಲ."

"ಯಾವ ದಿವಾನ ಒಪ್ಪಿದ್ದು ಕೇಳೀಯಲೇ? ಶಿರಹಟ್ಟ್ಯಾಂವ ನಾನು, ಸಂಸ್ಥಾನದಾಗ ಹುಟ್ಟೀನಿ. ದಿವಾನರ ಹಣೇಬರಾ ನನಗ ಹೇಳಬ್ಯಾಡ!"

ಬಟ್ಟೆ ಚಕ್ಕಡಿಗೆ ಹೊದಿಸುವ ತಾಡಪತ್ರಿಯಷ್ಟು ದಪ್ಪವಾಯಿತು. ಹೊಳೆಯಪ್ಪ ಗಾಬರಿಬಿದ್ದು ನಾಲ್ಕಾರು ಪುಟ ಹಾರಿಸಿದ. ಅಲ್ಲಿ ಜಹಗೀರದಾರನ ಮಗಳು ಬಾವಿಯ ಹತ್ತಿರ ಮಾಸ್ತರನಿಗಾಗಿ ಕಾಯುತ್ತಿದ್ದಳು. ಹೇಮಪ್ಪನ ಕೈ ಮೊಲದ ಮರಿ ಸವರುವಷ್ಟು ಮೆತ್ತಗಾಯಿತು, ಬಟ್ಟೆ ಉಳ್ಳಾಗಡ್ಡಿ ಸಿಪ್ಪೆಯಾಯಿತು. ಮಾಸ್ತರ ಬಂದ, ಬಂದು ಮಾರುದೂರದಲ್ಲೇ ನಿಂತ. ಉಡಚವ್ವ ನೂಲು ಬಿಟ್ಟು ಕಣ್ಣೊರೆಸಿಕೊಂಡಳು. "ಕೈ ಹಿಡಕೊಳ್ಳವಲ್ಲನಲ್ಲೋ! ಮಾಸ್ತರ ಅದಾನೋ, ಕಂಬ ಅದಾನೋ!"

ಇನ್ನು ಆರೋಗ್ಯವೇ ಗತಿ ಎಂದು ಹೊಳೆಯಪ್ಪ ಮೂರನೆಯ ಪುಸ್ತಕ ತೆರೆದ. ಎದೆಬಡಿತದ ಲಕ್ಷಣ ಕೇಳುತ್ತಲೇ ಹೇಮಪ್ಪ ಲಾಳಿ ಬಿಟ್ಟು ತನ್ನ ನಾಡಿ ಹಿಡಿದುಕೊಂಡ.

"ಈಗ ಹೇಳಿದ್ಯಲ್ಲ, ಅದು ನನಗ ಐತಿ."

ಹೊಳೆಯಪ್ಪ ಪುಟ ತಿರುವಿದ.

"ಅದೂ ಐತಿ."

ಬಾಣಂತಿಯರ ರೋಗಗಳು ಬಂದಾಗ ಮಾತ್ರ ಹೇಮಪ್ಪ ತುಸು ಅನುಮಾನಿಸಿದ. ಪ್ರತಿ ರೋಗಕ್ಕೂ ಒಂದೆರಡು ಎಳೆ ಬಿಟ್ಟುಹೋಗಿ ಸೀರೆಯಲ್ಲಿ ಸಂದು ಬಿದ್ದವು. ಹೊಳೆಯಪ್ಪ ಮತ್ತೆ ಕಾದಂಬರಿಗೇ ಓಡಿದ. ಪತ್ತೇದಾರ ಎಲ್ಲರನ್ನೂ ಪಡಸಾಲೆಗೆ ಕರೆಸಿ, ಬೆರಳೆತ್ತಿ, "ಕೊಲೆಗಾರ ಇಲ್ಲಿಯೇ ಇದ್ದಾನೆ" ಎನ್ನುವುದಕ್ಕೂ ಸೀರೆಯ ಕೊನೆಯ ಎಳೆ ಬೀಳುವುದಕ್ಕೂ ಸರಿಹೋಯಿತು. ಬಾಗಿಲಲ್ಲಿ ದೇವೇಂದ್ರಪ್ಪ ನಿಂತಿದ್ದ, ಹಿಂದೆ ಮುರ್ತುಜಾಸಾಬ.

ದೇವೇಂದ್ರಪ್ಪ ಸೀರೆ ಬಿಚ್ಚಿ ಹಿಡಿದ. "ಏನಲೇ ಇದು? ಒಂದ ಕಡೆ ಕಂಬಳಿ, ಒಂದ ಕಡೆ ಸೊಳ್ಳಿಪರದಿ! ಈ ತೂತು ಯಾಕ ಬಿದ್ದಾವು?"

"ಅಲ್ಲಿ ಹೇಮಣ್ಣಗ ಜಡ್ಡು ಬಂದಿತ್ತರಿ," ಎಂದ ಹೊಳೆಯಪ್ಪ.

ಮುಂದಿನ ಮಾತಿಗೆ ಮೊದಲೇ ಟ್ರಂಕು ಓಣಿಗೆ ಬಿತ್ತು. ಅಂಗಿ, ಧೋತರ, ಭೂಮಿತಿಯ ಪುಸ್ತಕ ಧೂಳಿನಲ್ಲಿ ಹರಡಿದವು. ಹೊಳೆಯಪ್ಪ ಅವನ್ನು ಆರಿಸುತ್ತಿದ್ದಾಗ ಒಳಗಿನಿಂದ ಮುರ್ತುಜಾಸಾಬನ ದನಿ ಕೇಳಿತು.

"ಅರೆ ದೇವೇಂದ್ರಪ್ಪ! ಯಾವ ತಲೀನೋ ಇದು ಮಾಡಿದ್ದು? ಈ ಗಟ್ಟಿ ಪಟ್ಟಿ ನಮ್ಮ ಮುಂಬೈ ಇಲಾಖೆ ಕಡೀದು. ಈ ನಾಜೂಕಿಂದು ಮೈಸೂರು. ಈ ಜಾಳಂದು ನಿಜಾಮನ ಕಡೀದು, ಪಾಪ, ಯಾರೂ ಕಾಳಜಿ ಮಾಡಿಲ್ಲ. ಎಲ್ಲಾ ಬ್ಯಾರೆ ಬ್ಯಾರೆ, ಆದ್ರ ಸೀರಿ ಒಂದ! ಏಕೀಕರಣ ಸೀರಿ!"

"ಮತ್ತ ತೂತು, ಸಾಹೇಬ್ರ?"

"ತುಂಗಭದ್ರಾ! ನಡುವ ಹೊಳಿ ಹರೀಬೇಕಲ್ಲ? ಇಂಥಾ ಸೀರಿ ಮುಂಡರಗಿಗೆ ಬೇಕು, ಶಿರಹಟ್ಟಿಗೆ ಬೇಕು. ಎಲ್ಲಾ ಊರಾಗೂ ಅಧ್ಯಕ್ಷರದಾರ, ಎಲ್ಲಾ ಅಧ್ಯಕ್ಷರಿಗೂ ಹೇಣ್ತೇರದಾರ. ಆದ್ರ ಥೇಟ್ ಹಿಂಗ ಇರಬೇಕು ನೋಡು. ಸ್ವಲ್ಪ ಆ ಕಡೆ ಈ ಕಡೆ ಆದ್ರೂ ನಾ ಒಲ್ಲೆ."

ದೇವೇಂದ್ರಪ್ಪ ಹೇಮಪ್ಪನತ್ತ ತಿರುಗಿದ. "ಹೆಂಗ ನೇದಿ ಇದನ್ನ?"

"ನನಗೇನ ಗೊತ್ತರಿ? ಅಂವ ಓದಿದ, ನಾ ನೇದೆ."

ದೇವೇಂದ್ರಪ್ಪ ತಾನೇ ಓಣಿಗಿಳಿದು ಟ್ರಂಕು ಹೊತ್ತು ತಂದ. ಹೊಳೆಯಪ್ಪನ ಬೆನ್ನು ಚಪ್ಪರಿಸಿದ. "ಶಾಬಾಸ್ ಮಗನ! ನಾಳಿಂದ ಇವ ಪುಟ, ಇದ ಕ್ರಮದಾಗ ಓದು. ಬ್ಯಾರೆ ಪುಸ್ತಕ ಈ ಮನಿ ಹೊಸ್ತಲಾ ದಾಟಬಾರದು."

"ಮಾಲಕರ, ನನ್ನ ಶಾಲಿ?"

"ಹೋಗು, ಯಾರು ಬ್ಯಾಡಂದ್ರು? ಸೀರಿ ಎಲ್ಲಾ ಮುಗದ ಮ್ಯಾಲ."

ಹೊಳೆಯಪ್ಪ ಕಾದಂಬರಿ ಎತ್ತಿಕೊಂಡ. "ಆತ್ರಿ. ಇವತ್ತೊಂದಿನ ಉಳದ ಪುಟ ಓದಿ ಬಿಡ್ತೀನ್ರಿ. ಕೊಂದಂವ ಯಾರಂತ..."

"ದಿವಾನ!" ಎಂದ ಹೇಮಪ್ಪ. "ಓದು, ಓದು. ಖಾತ್ರಿ ಆಗ್ಲಿ."

"ತಡೀರಿ," ಎಂದ ಮುರ್ತುಜಾಸಾಬ. "ದಿವಾನ ಅಲ್ಲ ಅಂತ ಗೊತ್ತಾತಂದ್ರ, ನಾಳೆ ಇವನ ಕೈಗೆ ಆ ಸಿಟ್ಟು ಎಲ್ಲಿಂದ ಬರ್ತೈತಿ?"

ದೇವೇಂದ್ರಪ್ಪನಿಗೆ ಎರಡನೆಯ ಸಲ ಹೇಳಬೇಕಾಗಲಿಲ್ಲ. ಉಳಿದ ಪುಟಗಳನ್ನು ಚರ್ರನೆ ಕಿತ್ತು, ನೂಲಿಗೆ ಬಣ್ಣ ಕಾಯಿಸುವ ಹಂಡೆಯ ಕೆಳಗಿನ ಉರಿಗೆ ತುರುಕಿದ.

ಹೊಳೆಯಪ್ಪ ಒಲೆಯ ಮುಂದೆ ಮೊಣಕಾಲೂರಿ ಕೂತ. ಹೊಗೆಯೊಳಗೆ ಒಂದು ಹಾಳೆ ಸುರುಳಿ ಬಿಚ್ಚಿಕೊಂಡು ಅವನ ಕಡೆಗೇ ತಿರುಗಿತು. "ಜಹಗೀರದಾರನನ್ನು ಕೊಂದವನು ಬೇರಾರೂ ಅಲ್ಲ," ಎಂಬಲ್ಲಿಯವರೆಗೆ ಕಾಣಿಸಿತು. ಮುಂದಿನ ಸಾಲಿಗೆ ಬೆಂಕಿ ಹತ್ತಿತ್ತು.

"ಏಳಲೇ," ಎಂದ ದೇವೇಂದ್ರಪ್ಪ. "ರೊಟ್ಟಿ ತಿಂದು ಮಲಗು. ಮುಂಜಾನೆ ಮಣ್ಣಿನಿಂದ ಸುರು."