ಬೆಟ್ಟದ ಬುಡದಲ್ಲಿ ಬೆಂದ ಬಿಳಿಮಣ್ಣು

ಕಲ್ಲು ಪರೀಕ್ಷಿಸಲು ಮದರಾಸಿನಿಂದ ಬಂದಿದ್ದ ದೊರೆ ರಾಯದುರ್ಗದ ಬೆಟ್ಟದ ಬುಡದ ಬಿರುಕೊಂದನ್ನು ತೋರಿಸಿ, ನೆಲದೊಳಗಿನ ಬಿಸಿನೀರಲ್ಲಿ ಬೆಂದು ಕಲ್ಲೇ ಬಿಳಿಮಣ್ಣಾಗಿ ಬೆಳೆಯುತ್ತದೆ ಎಂದ. ಅದಕ್ಕೆ ಲಕ್ಷಾಂತರ ವರ್ಷ ಬೇಕೆಂದೂ ಹೇಳಿದ್ದ. ಊಟದ ಅವಸರದಲ್ಲಿದ್ದ ದುಭಾಷಿ ಅದೊಂದನ್ನು ಮಾತ್ರ ಬಿಟ್ಟುಬಿಟ್ಟ. ಪಾಪ, ಪಕ್ಕದಲ್ಲೇ ನಿಂತು ಕೇಳುತ್ತಿದ್ದ ಹೊನ್ನೂರಪ್ಪನ ಗ್ರಹಚಾರ ಕೆಟ್ಟದ್ದು ಅಲ್ಲಿಂದಲೇ.

ಬಿರುಕಿನ ಮಣ್ಣು ಎಂದೋ ಮುಗಿದಿತ್ತು. ಹೊನ್ನೂರಪ್ಪನಿಗೆ ಅದು ಒಂದು ಹಿಡಿಯಾದರೂ ಬೇಕಿತ್ತು. ತೀರಿಕೊಂಡ ಹೆಂಡತಿ ಉಚ್ಚಂಗಮ್ಮ ಕೊನೆಯ ಹಬ್ಬಕ್ಕೆ ಅದೇ ಮಣ್ಣು ಕಲಸಿ ನಡುಮನೆಯ ಕೆಂಪು ಗೋಡೆಗೆ ಅಂಗೈ ಒತ್ತಿದ್ದಳು. ಆ ಗುರುತುಗಳು ಈಗ ಅಂಚಿನಿಂದ ಉದುರುತ್ತಿದ್ದವು. ಬೇರೆ ಮಣ್ಣು ಹಚ್ಚಿದರೆ ನಿಲ್ಲುತ್ತಿರಲಿಲ್ಲ. ನಿಜ ಹೇಳಿದರೆ ಓಣಿಯವರು ನಗುತ್ತಾರೆಂದು, "ಗೋಡಿ ಬಳೀಬೇಕ್ರಿ" ಎಂದಷ್ಟೇ ಹೇಳಿಕೊಂಡು ಮರುದಿನ ಬೆಳಿಗ್ಗೆಯೇ ಬಿರುಕಿನ ಪಕ್ಕ ಒಲೆ ಹೂಡಿ ಹಂಡೆ ಏರಿಸಿ, ಕುದಿವ ನೀರನ್ನು ಬಿರುಕಿಗೆ ಸುರಿಯತೊಡಗಿದ.

ಕರೆಯದೆ ಬರುವುದರಲ್ಲಿ ನಿಸ್ಸೀಮನಾದ ಎರ್ರಪ್ಪ ಬಂದು ಕುಕ್ಕರುಗಾಲಲ್ಲಿ ಕೂತ. "ಒಂದೀಟು ಉಪ್ಪು ಹಾಕ್ರಿ. ಉಪ್ಪಿಲ್ದ ಏನು ಬೇಯ್ತೈತಿ?"

ಉಪ್ಪು ಬಿತ್ತು.

"ಉಗಿ ಹೋಗಾಕತ್ತೈತಿ. ಮ್ಯಾಲೆ ಕಂಬಳಿ ಮುಚ್ರಿ."

ಕಂಬಳಿಯೂ ಬಿತ್ತು. ಮಧ್ಯಾಹ್ನದ ಹೊತ್ತಿಗೆ ಕಂಬಳಿ ಬೆಂದಿತ್ತು, ಹಂಡೆ ಉರುಳಿ ಹೊನ್ನೂರಪ್ಪನ ಎಡಗಾಲು ಬೆಂದಿತ್ತು, ಕಲ್ಲು ಮಾತ್ರ ಬೆಂದಿರಲಿಲ್ಲ. ಅವನು ಅಲ್ಲೇ ಕೂತು ಅತ್ತುಬಿಟ್ಟ. ಹೆಂಡತಿ ಸತ್ತ ದಿನವೂ ಅವನು ಹಾಗೆ ಅತ್ತದ್ದನ್ನು ಯಾರೂ ಕಂಡಿರಲಿಲ್ಲ.

ಪಕ್ಕದ ಮನೆಯ ಲಕ್ಷ್ಮಕ್ಕ ಓಡಿಬಂದು ಕಾಲಿಗೆ ಎಣ್ಣೆ ಸವರಿದಳು. "ನೆಳ್ಳಾಗ ಮಲಗ್ರಿ ಮಾವ. ಒಲಿ ನಾ ನೋಡ್ಕೊಂತೀನಿ."

ಸಂಜೆ ಅವಳೇ ಎಬ್ಬಿಸಿದಳು. "ಏಳ್ರಿ, ಮಣ್ಣು ಬೆಳದೈತಿ."

ಬಿರುಕಿಗೆ ಕೈ ಹಾಕಿದರೆ ಬೆಣ್ಣೆಯಂಥ ಬಿಳಿಮಣ್ಣು, ಸರಿಯಾಗಿ ಒಂದು ಹಿಡಿ. ಎರ್ರಪ್ಪ ಉಪ್ಪಿನ ಪ್ರತಾಪ ಸಾರಲು ಊರೊಳಗೆ ಓಡಿದ. ಹೊನ್ನೂರಪ್ಪ ಸುಟ್ಟ ಕಾಲನ್ನು ಮರೆತು, ಮದುವೆಯ ಗಂಡಿನಂತೆ ನಗುತ್ತ ಮನೆಗೆ ಬಂದು ಬಾಗಿಲು ನೂಕಿದ.

ಗೋಡೆ ಬರಿದಾಗಿತ್ತು. ಒಂದು ಬೆರಳಿನ ಗುರುತೂ ಉಳಿದಿರಲಿಲ್ಲ.

ಹಿಂದೆಯೇ ಬಂದ ಲಕ್ಷ್ಮಕ್ಕ ನಾಚುತ್ತ ಹೇಳಿದಳು: "ನೀವು ಅಳೋದು ನೋಡಾಕ ಆಗ್ಲಿಲ್ರಿ. ಹೆಂಗೂ ಹೊಸದಾಗಿ ಬಳೀತೀರಲ್ಲ ಅಂತ ಗೋಡಿಮ್ಯಾಲಿಂದೆಲ್ಲ ಕೆರದು, ನೆನಸಿ, ಬಿರುಕಿನ್ಯಾಗ ನಾನಽ ಇಟ್ಟಿದ್ದೆ. ಬೈಬ್ಯಾಡ್ರಿ ಮಾವ."

ಹೊನ್ನೂರಪ್ಪ ಹಸಿ ಮಣ್ಣು ನೆಲಕ್ಕೆ ಬೀಳದ ಹಾಗೆ ಇನ್ನೊಂದು ಕೈಯನ್ನೂ ಕೆಳಗೆ ಹಿಡಿದು ನಿಂತ.